ಕಲ್ಲು ಕೇಳುವವನ ಬದಲಿಗೆ ಹೋದವನು

ಕುಷ್ಟಗಿ, ಒಂದು ಮಂಗಳವಾರ

ಆ ಮಂಗಳವಾರ ನಾವು ಕಲ್ಲಿನ ಐದು ಬ್ಲಾಕ್ ನೋಡಿದೆವು. ಮೂರು ಪಾಸಾದವು, ಎರಡು ಒಡಕು ಕಲ್ಲಿನ ರಾಶಿಗೆ ಹೋದವು. ಶ್ರಾವಣದ ಮೋಡ ಇತ್ತು, ಮಳೆ ಇರಲಿಲ್ಲ. ನೆನಪಿಟ್ಟುಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಅದಕ್ಕೇ ಏನೋ, ಈಗ ಆ ದಿನವನ್ನು ಎಷ್ಟು ಕೆದಕಿದರೂ ಕೈಗೆ ಸಿಗುವುದು ಸ್ವಲ್ಪವೇ.

ಕುಷ್ಟಗಿ ಹತ್ತಿರದ ಒಂದು ಕಲ್ಲಿನ ಕ್ವಾರಿಯಲ್ಲಿ ನನ್ನ ಅಣ್ಣ ಶರಣಪ್ಪ ಮತ್ತು ನಾನು ಇಪ್ಪತ್ತಾರು ವರ್ಷ ಜೋಡಿಯಾಗಿ ದುಡಿದೆವು. ನಮ್ಮ ಕಡೆಯ ಗುಲಾಬಿ ಬಣ್ಣದ ಕಲ್ಲು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ. ಹೋಗುವ ಮೊದಲು ಒಳಗೆ ಒಡಕಿದೆಯೋ ಇಲ್ಲವೋ ನೋಡಬೇಕು. ಅಣ್ಣ ಸಣ್ಣ ಸುತ್ತಿಗೆಯಿಂದ ಬ್ಲಾಕಿನ ಮೈ ತುಂಬ ಬಡಿಯುತ್ತ ಹೋಗುತ್ತಿದ್ದ. ಒಳ್ಳೆಯ ಕಲ್ಲು ಖಣ್ ಅನ್ನುತ್ತದೆ, ಒಡಕು ಕಲ್ಲಿನ ದನಿ ಬಡಿದಲ್ಲೇ ಸಾಯುತ್ತದೆ. ಇವೆರಡು ಯಾರಿಗಾದರೂ ತಿಳಿಯುತ್ತವೆ. ಆದರೆ ಬಹಳಷ್ಟು ಕಲ್ಲುಗಳು ಈ ಎರಡರ ನಡುವೆ ಇರುತ್ತವೆ. ಅಲ್ಲಿ ಅಣ್ಣನ ಕಿವಿ ಬೇಕಾಗುತ್ತಿತ್ತು.

ಅನುಮಾನ ಬಂದರೆ ಕೊಡದಿಂದ ನೀರು ಹೊಯ್ದು ಬೀಡಿ ಹಚ್ಚಿ ಕೂಡುತ್ತಿದ್ದ. ಬಿಸಿಲಿಗೆ ನೀರು ಆರುತ್ತದೆ, ಒಡಕಿನ ಗೆರೆ ಮಾತ್ರ ಹಸಿಯಾಗಿ ಉಳಿಯುತ್ತದೆ. ಅದರ ಸುತ್ತ ಚಾಕ್‌ಪೀಸಿನಿಂದ ಒಂದು ಸುತ್ತು ಎಳೆದನೆಂದರೆ ಆ ಕಲ್ಲು ರಾಶಿಗೆ. ಕಲ್ಲು ಚೆನ್ನಾಗಿದ್ದರೆ ತಿರುಗಿ ನೋಡದೆ "ಬರಕೋ ತಮ್ಮಾ" ಅನ್ನುತ್ತಿದ್ದ. ನಾನು ಟೇಪು ಹಿಡಿದು ಅಳೆದು, ಬ್ಲಾಕಿನ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆಯುತ್ತಿದ್ದೆ. ಅವನು ಕೇಳುವವನು, ನಾನು ಬರೆಯುವವನು.

ಆ ಮಧ್ಯಾಹ್ನ ಊಟಕ್ಕೆ ಕೂತಾಗ ಪೋಲೆಂಡಿನ ಮಾತು ಬಂತು. ನಮ್ಮ ಕಲ್ಲು ಕೊಳ್ಳುವ ಆ ದೇಶದ ಕಾರ್ಖಾನೆಯವರು, ಇವನ್ನು ಆರಿಸುವ ಮನುಷ್ಯನನ್ನು ಒಮ್ಮೆ ಕಳಿಸಿ, ನಾವು ಹೇಗೆ ಸೀಳುತ್ತೇವೆ ಅಂತ ಅವನೂ ನೋಡಲಿ ಎಂದು ಕ್ವಾರಿಯ ಸಾವ್ಕಾರರಿಗೆ ಹೇಳಿದ್ದರು.

"ಅಲ್ಲಿ ಜ್ವಾಳದ ರೊಟ್ಟಿ ಸಿಗತಾವೇನಲೇ?" ಅಂದ ಅಣ್ಣ.

"ಎಲ್ಲಿ ಸಿಗಬೇಕೋ ಅಣ್ಣಾ. ಮುಂಜಾನಿ, ಸಂಜಿಕ ಬ್ರೆಡ್ಡ ಅಂತ."

"ಜ್ವರ ಬಂದವರು ತಿನ್ನೂದು ಅದು. ಆರಾಮ ಇದ್ದವರು ದಿನಾ ಹೆಂಗ ತಿಂತಾರ?" ಎಂದು ರೊಟ್ಟಿ ಮುರಿದ. "ನಮ್ಮ ತಮ್ಮ ಬರದಿದ್ರ ನಾನೂ ಹೋಗಂಗಿಲ್ಲ ಅಂತ ಸಾವ್ಕಾರ್ಗ ಹೇಳೀನಿ. ನಾ ಬಡಿದಿದ್ದು ಬರಿಯಾಕ ಯಾರರ ಬೇಕಲ್ಲ."

ಹಾಗಾಗಿ ಇಬ್ಬರಿಗೂ ಪಾಸ್‌ಪೋರ್ಟಿಗೆ ಹಾಕಿದ್ದೆವು. ಸಂಜೆ ಅವನು ಮೋಟಾರ್‌ಸೈಕಲ್ ಹತ್ತಿ, ನಾಳೆ ಬರುವಾಗ ಚಾಕ್‌ಪೀಸು ತಾ ಅಂದು ಹೋದ. ಮರುದಿನ ಬೆಳಿಗ್ಗೆ ಸ್ನಾನಕ್ಕೆ ಹೋದವನು ಬಚ್ಚಲಿನಿಂದ ಹೊರಗೆ ಬರಲಿಲ್ಲ. ಐವತ್ತಾರು ವಯಸ್ಸು. ಹೊಲದ ಬದುವಿನಲ್ಲಿ ಮಣ್ಣು ಕೊಟ್ಟೆವು. ಚಾಕ್‌ಪೀಸಿನ ಡಬ್ಬಿ ನನ್ನ ಅಂಗಿಯ ಜೇಬಿನಲ್ಲೇ ಇತ್ತು.

ಮೂರನೇ ವಾರ ಪೋಸ್ಟ್‌ಮನ್ ಎರಡೂ ಪಾಸ್‌ಪೋರ್ಟ್ ತಂದ.

"ಶರಣಪ್ಪನವರು ಇಲ್ಲೇನ್ರಿ? ಅವರ ಸಹಿ ಬೇಕ್ರಿ."

"ಇಲ್ರಿ."

"ಎಲ್ಲಿ ಹೋಗ್ಯಾರ್ರಿ?"

ನಾನು ನನ್ನದನ್ನು ಮಾತ್ರ ಇಸಕೊಂಡೆ.

ಕೆಲಸ ನಿಲ್ಲಲಿಲ್ಲ. "ಇಪ್ಪತ್ತಾರು ವರ್ಷ ಬಾಜೂಕ ನಿಂತಿ. ಕಿವಿಗೆ ಏನರ ಬಿದ್ದಿರಬೇಕಲ್ಲ" ಎಂದು ಸಾವ್ಕಾರರು ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು. ನಾನೇ ಬಡಿದು ನಾನೇ ಬರೆಯತೊಡಗಿದೆ. ಫೆಬ್ರುವರಿಯಲ್ಲಿ ಪೋಲೆಂಡಿಗೂ ನೀನೇ ಹೋಗು ಅಂದರು.

ನನಗೆ ಐವತ್ತೊಂದು. ಮಗಳ ಮದುವೆ ಆಗಿದೆ, ಮನೆಗೆ ಸ್ಲ್ಯಾಬ್ ಹಾಕಿಸಿದ್ದೇನೆ. ಬೀಗರು ಬಂದಾಗ ನಮ್ಮ ಕಡೆ ಇವನ್ನೇ ಸಾಧನೆ ಅಂತ ಹೇಳಿಕೊಳ್ಳುತ್ತಾರೆ, ನಾನೂ ಹೇಳಿಕೊಂಡಿದ್ದೇನೆ. ಆದರೆ ಅಣ್ಣ ಹೋದ ಮೇಲೆ ಕೂತಲ್ಲಿ ಕೂಡಲು ಆಗುತ್ತಿರಲಿಲ್ಲ. ಅವನು ಬಿಟ್ಟು ಹೋದದ್ದೇನು, ನಾಳೆ ನಾನು ಬಿಡುವುದೇನು ಎಂಬ ವಿಚಾರ ಹಲ್ಲಿನಲ್ಲಿ ಸಿಕ್ಕ ನಾರಿನ ಹಾಗೆ ಕಾಡುತ್ತಿತ್ತು. ಹೊರಡುವ ಹಿಂದಿನ ದಿನ ಅಣ್ಣನ ಹೆಂಡತಿ, ನಮ್ಮ ವೈನಿ, ಕರೆದಳು. ಮನೆಯಲ್ಲಿ ಅಣ್ಣನದೆಂದು ಇರುವುದು ಎರಡು ಜೊತೆ ಬಟ್ಟೆ, ಒಂದು ಫೋಟೊ.

"ಬಸಣ್ಣಾ, ಅಲ್ಲಿ ಅವರು ಆರಿಸಿ ಕಳಿಸಿದ್ದ ಕಲ್ಲು ಎಲ್ಲ್ಯರ ಒಂದು ಕಡೆ ಇದ್ದಿರಬೇಕಲ್ಲ. ಕೈ ಮುಟ್ಟಿ ಬಾ. ಅವರದು ಅಂತ ಏನರ ಕಂಡ್ರ ಬಂದು ನನಗ ಹೇಳು."

ಹೂಂ ಅಂದೆ. ನಾನು ಹೋದದ್ದು ಆ ಮಾತಿಗಾಗಿಯೇ.

ಗಂಗಾವತಿ

ಬೆಂಗಳೂರಿನ ಬಸ್ಸಿಗೆ ಹೋಗುವ ಮೊದಲು ಗಂಗಾವತಿಯಲ್ಲಿ ಅಕ್ಕನ ಮನೆಗೆ ಇಳಿದೆ. ಕಾಲುವೆ ನೀರಿನ ಊರು. ನಮ್ಮ ಕಡೆ ಆಗಲೇ ನೆಲ ಬೆಳ್ಳಗಾಗಿದ್ದರೆ ಇಲ್ಲಿ ಬೇಸಿಗೆ ಬೆಳೆಗೆ ನಾಟಿ ನಡೆದಿತ್ತು. ಅಕ್ಕ ಹಪ್ಪಳದಂತೆ ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಟ್ಟಿದ್ದಳು.

"ಕುಂದರೋ ಮಾರಾಯಾ. ಬಂದಾಗಿಂದ ಬಾಗಲದಾಗ ಅಡ್ಡಾಡಾಕತ್ತಿ. ವಿಮಾನ ನಿನ್ನ ಬಿಟ್ಟು ಹೋಗಂಗಿಲ್ಲ" ಅಂದಳು. ಆಮೇಲೆ ದನಿ ತಗ್ಗಿಸಿ, "ಅವನ ಸುತ್ತಿಗಿ ತಗೊಂಡಿ?"

ತೆಗೆದು ತೋರಿಸಿದೆ. ಅವಳು ಅದನ್ನು ಸೆರಗಿನಲ್ಲಿ ಒರೆಸಿ, ಅಣ್ಣನ ಒಂದು ಹಳೆಯ ಟವೆಲಿನಲ್ಲಿ ಸುತ್ತಿ, ನನ್ನ ಕೈಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಳು.

ಬೆಂಗಳೂರು, ವಿಮಾನ ನಿಲ್ದಾಣ

ಮೇಲೆ ಇಟ್ಟದ್ದೇ ತಪ್ಪಾಯಿತು. ಚೀಲ ಯಂತ್ರದೊಳಗೆ ಹೋದದ್ದು ಹೊರಗೆ ಬರಲಿಲ್ಲ. ಸಮವಸ್ತ್ರದ ಹೆಣ್ಣುಮಗಳೊಬ್ಬಳು ಟವೆಲು ಬಿಚ್ಚಿದಳು.

"ಏನ್ರೀ ಇದು?"

"ಕಲ್ಲು ಕೇಳೂದ್ರಿ ಮೇಡಂ."

"ಕಲ್ಲನ್ನ ಏನು ಕೇಳ್ತೀರಾ?"

"ಒಳಗ ಒಡಕೈತೇನು ಅಂತ್ರಿ."

ಅವಳು ನಗಲಿಲ್ಲ. ಹಿಂದಿನ ಸಾಲಿನವರು ನಕ್ಕರು. ಜೊತೆಗೆ ಬಂದಿದ್ದ ನಮ್ಮ ಮ್ಯಾನೇಜರ್ ಪ್ರಕಾಶ, ಕೊಪ್ಪಳದ ಭಾಗ್ಯನಗರದವನು, ಇಂಗ್ಲಿಷ್ ಬಲ್ಲವನು, ಓಡಿ ಬಂದು ಏನೇನೋ ಹೇಳಿ ನನ್ನನ್ನು ಮತ್ತೆ ಕೌಂಟರಿಗೆ ಎಳೆದುಕೊಂಡು ಹೋದ. ಕೊನೆಗೆ ಸುತ್ತಿಗೆ ರೊಟ್ಟಿಯ ಡಬ್ಬಿಯ ಜೊತೆ ವಿಮಾನದ ಹೊಟ್ಟೆಗೆ ಹೋಯಿತು. ನಾನು ಮೇಲೆ ಕೂತೆ.

ಪೋಲೆಂಡ್, ಊರಿನ ಚೌಕ

ಆ ಊರಿನ ಹೆಸರು ಕೊನೆಯವರೆಗೂ ನನ್ನ ಬಾಯಲ್ಲಿ ಹೊರಳಲಿಲ್ಲ. ನಮ್ಮ ಕಡೆಯ ಯಲಬುರ್ಗಾದಷ್ಟು ಇರಬಹುದು. ಹಿಮ ರಸ್ತೆಯ ಎರಡೂ ಬದಿಗೆ, ನಮ್ಮಲ್ಲಿ ಒಕ್ಕಣೆಯಾದ ಮೇಲೆ ಹೊಟ್ಟು ಬಿದ್ದಿರುತ್ತದಲ್ಲ, ಹಾಗೆ ಬಿದ್ದಿತ್ತು. ಜನ ಕೆಂಪು ದೀಪಕ್ಕೆ ನಿಲ್ಲುತ್ತಾರೆ. ರಸ್ತೆಯಲ್ಲಿ ಒಂದು ಗಾಡಿಯೂ ಇಲ್ಲ, ಆದರೂ ಐದಾರು ಜನ ಸುಮ್ಮನೆ ನಿಂತಿದ್ದಾರೆ. ನಾನು ದಾಟಿಬಿಟ್ಟೆ. ಆ ಬದಿಗೆ ಹೋಗಿ ತಿರುಗಿ ನೋಡಿದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬೈದಿದ್ದರೆ ಸಮಾಧಾನ ಆಗುತ್ತಿತ್ತು.

ಮೊದಲ ದಿನ ಪ್ರಕಾಶ ಮಲಗಿರುವಾಗಲೇ ನಾನು ಚೌಕಕ್ಕೆ ಬಂದೆ. ಅಲ್ಲಿ ಒಂದು ಹಳೆಯ ದೊಡ್ಡ ಕಟ್ಟಡ, ಅದಕ್ಕೆ ಗುಲಾಬಿ ಕಲ್ಲಿನ ಮೆಟ್ಟಿಲು. ನಮ್ಮದೇ ಕಲ್ಲು ಅಂದುಕೊಂಡೆ. ಬಗ್ಗಿ ಕೈಯಿಂದ ಸವರಿದೆ. ಧೂಳು ಹಿಡಿದಿತ್ತು, ಬಣ್ಣ ಸರಿಯಾಗಿ ಕಾಣುತ್ತಿರಲಿಲ್ಲ. ಕಲ್ಲಿನ ನಿಜವಾದ ಬಣ್ಣ ನೋಡಲು ನಾವು ಏನು ಮಾಡುತ್ತೇವೋ ಅದನ್ನೇ ಮಾಡಿದೆ: ಬಾಟಲಿಯ ನೀರು ಹೊಯ್ದೆ. ಕಲ್ಲು ಕಣ್ಣು ಬಿಟ್ಟ ಹಾಗೆ ಕೆಂಪಾಯಿತು. ಅಣ್ಣಾ ಅಂದೆ, ಬಾಯಿಬಿಟ್ಟೇ ಅಂದೆ. ನೀರು ಆರಲಿ, ಗೆರೆ ಉಳಿಯುತ್ತದೋ ನೋಡೋಣ ಎಂದು ಪಕ್ಕದಲ್ಲಿ ಕೂತೆ.

ನೀರು ಆರಲಿಲ್ಲ. ನೋಡುತ್ತಿದ್ದಂತೆ ಗಾಜಾಯಿತು. ಅದು ಏನು ಎಂದು ನನಗೆ ಹೊಳೆಯುವಷ್ಟರಲ್ಲಿ, ಕೈಯಲ್ಲಿ ತರಕಾರಿ ಚೀಲ ಹಿಡಿದು ಇಳಿಯುತ್ತಿದ್ದ ಅರವತ್ತು ದಾಟಿದ ಒಬ್ಬ ಹೆಂಗಸು ಜಾರಿ, ಧಪ್ಪನೆ ನನ್ನ ಪಕ್ಕವೇ ಕೂತಳು. ಎರಡು ಬೀಟ್‌ರೂಟು ಉರುಳಿ ಚೌಕದ ನಡುವಿಗೆ ಹೋದವು.

ಪೆಟ್ಟು ಆಗಿರಲಿಲ್ಲ. ಆದರೆ ಅವಳ ಬೈಗುಳಕ್ಕೆ ಅರ್ಥ ಹೇಳುವವರು ಬೇಕಿರಲಿಲ್ಲ. ನಮ್ಮ ಅವ್ವ ಇದ್ದಿದ್ದರೆ ಅದೇ ರಾಗದಲ್ಲಿ ಬೈಯುತ್ತಿದ್ದಳು. ನಾನು ಬೀಟ್‌ರೂಟು ಆರಿಸಿ ತಂದು ಕೈ ಮುಗಿದೆ. ಕಟ್ಟಡದ ಕಾವಲುಗಾರ ಒಂದು ಬಕೆಟು ಮರಳು ತಂದು ನನ್ನ ಮುಂದಿಟ್ಟು, ಹಾಕು ಎಂದು ಬೆರಳು ತೋರಿಸಿದ. ನಮ್ಮಲ್ಲಿ ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹೊಡೆಯುವುದು ಒಳ್ಳೆಯ ಮನೆಯ ಲಕ್ಷಣ. ಇಲ್ಲಿ ಅದೇ ಕೆಲಸಕ್ಕೆ ನಾನು ಎಲ್ಲರೆದುರು ಮರಳು ಚೆಲ್ಲುತ್ತ ನಿಂತೆ.

ಆಮೇಲೆ ಕಾರ್ಖಾನೆಯಲ್ಲಿ ಕೇಳಿದೆವು. ಅದು ನಮ್ಮ ಕಲ್ಲೇ ಅಲ್ಲವಂತೆ. ಸ್ವೀಡನ್ ಎಂಬ ದೇಶದ್ದಂತೆ, ನಮ್ಮ ಕ್ವಾರಿ ಶುರುವಾಗುವುದಕ್ಕೆ ಎಷ್ಟೋ ಮೊದಲು ಹಾಕಿದ್ದಂತೆ.

ಕಾರ್ಖಾನೆ

ಕಾರಿನಲ್ಲಿ ಹೋಗುವಾಗ ಪ್ರಕಾಶ ಒಂದು ವಿಷಯ ಹೇಳಿದ. "ನೋಡ್ರಿ ಬಸಣ್ಣಾ, ಹಿಂದಿನ ಎರಡು ಲೋಡಿನಾಗ ಕೆಲವು ಬ್ಲಾಕು ಗರಗಸದ ಕೆಳಗ ಒಡದಾವಂತ. ಅವರು ಕೇಳತಾರ. ಮಳಿ ಜಾಸ್ತಿ ಆಗಿತ್ತು, ಅದಕ್ಕ ಹಂಗ ಅಂತ ನಾ ಹೇಳತೀನಿ. ನೀವು ಬಡದು ತಲಿ ಅಲ್ಲಾಡಸ್ರಿ, ಸಾಕು. ಕಲ್ಲು ಆರಸಾಂವ ನೀವ ಅಂತ ಹೇಳೀನಿ. ಶರಣಪ್ಪನ ಸುದ್ದಿ ತಗೀಬ್ಯಾಡ್ರಿ."

ಹಿಂದಿನ ಎರಡು ಲೋಡು ಅಂದರೆ ಶ್ರಾವಣದ ನಂತರದವು. ನಾನು ಬಡಿದು, ನಾನೇ ಬರೆದವು. ಆ ವರ್ಷ ಮಳೆಯೇ ಆಗಿರಲಿಲ್ಲ.

ಅಲ್ಲಿಯ ಮೇಸ್ತ್ರಿಯ ಹೆಸರು ಮಾರೆಕ್. ನನ್ನ ವಯಸ್ಸಿನವನು, ಬೋಳು ತಲೆ, ಕಲ್ಲು ಪುಡಿಯಿಂದ ಬೆಳ್ಳಗಾದ ಹುಬ್ಬು. ಕೈ ಕುಲುಕಿದಾಗ ಅವನ ಅಂಗೈ ಅಣ್ಣನ ಅಂಗೈಯಷ್ಟೇ ಒರಟಾಗಿತ್ತು. ಹಾಲಿಲ್ಲದ ಚಹಾ ಕೊಟ್ಟು, ಅಂಗಳದಲ್ಲಿ ಸಾಲಾಗಿ ನಿಂತ ಮೂರು ಬ್ಲಾಕಿನ ಮುಂದೆ ಕರೆದುಕೊಂಡು ಹೋದ. ಮೂರರ ಮೇಲೂ ನನ್ನ ಕೈಬರಹದ ಕೆಂಪು ನಂಬರು. ಇವುಗಳಲ್ಲಿ ಯಾವುದನ್ನು ಧೈರ್ಯವಾಗಿ ಸೀಳಬಹುದು, ಹೇಳು ಎಂದು ಪ್ರಕಾಶನ ಮೂಲಕ ಕೇಳಿದ. ಏಳೆಂಟು ಜನ ಕೆಲಸ ನಿಲ್ಲಿಸಿ ಬಂದು ನಿಂತರು.

ನಾನು ಟವೆಲು ಬಿಚ್ಚಿ ಸುತ್ತಿಗೆ ತೆಗೆದೆ. ಮೊದಲನೆಯದನ್ನು ಬಡಿದೆ. ಎರಡನೆಯದನ್ನು ಬಡಿದೆ. ಮೂರನೆಯದನ್ನು ಬಡಿದು, ಮತ್ತೆ ಮೊದಲನೆಯದಕ್ಕೆ ಬಂದೆ. ಆ ಚಳಿಯಲ್ಲಿ ಎಲ್ಲವೂ ಹಿತ್ತಾಳೆಯ ಹಾಗೆ ಗಣಗಣ ಅಂದವು. ಮೂರೂ ಒಂದೇ. ಅಣ್ಣ ಇಂಥ ಹೊತ್ತಿನಲ್ಲಿ ಕಣ್ಣು ಮುಚ್ಚಿ ಕಲ್ಲಿಗೆ ಕೆನ್ನೆ ಹಚ್ಚುತ್ತಿದ್ದ. ನಾನೂ ಹಚ್ಚಿದೆ. ಕೆನ್ನೆ ಸುಟ್ಟಂತಾಯಿತು, ಬೇರೇನೂ ತಿಳಿಯಲಿಲ್ಲ.

"ತಲಿ ಅಲ್ಲಾಡಸ್ರಿ" ಅಂದ ಪ್ರಕಾಶ ಮೆಲ್ಲಗೆ.

ಅಲ್ಲಾಡಿಸಿದ್ದರೆ ನಡೆಯುತ್ತಿತ್ತು. ಆದರೆ ಬಡಿದು ತಲೆಯಾಡಿಸುವ ಈ ಆಟ ಅಣ್ಣನ ಇಪ್ಪತ್ತಾರು ವರ್ಷವನ್ನೂ ಆಟ ಮಾಡಿಬಿಡುತ್ತದೆ ಅನ್ನಿಸಿತು. "ನನಗ ಗೊತ್ತಾಗಲಿಲ್ಲ ಅಂತ ಹೇಳ್ರಿ. ಕಲ್ಲು ಕೇಳಾಂವ ನಾ ಅಲ್ಲ, ನಮ್ಮಣ್ಣ. ಅವ ತೀರಿಕೊಂಡ ಅಂತ ಹೇಳ್ರಿ. ಒಡದಾವಲ್ಲ, ಅವು ನಾ ಪಾಸು ಮಾಡಿದ್ವು."

"ಸಾವ್ಕಾರ್ಗ ನಾ ಏನ್ ಹೇಳ್ಲಿ? ತಲಿ ಕೆಟ್ಟೈತೇನ್ರಿ?"

"ಹೇಳ್ರಿ ನೀವು."

ಹೇಳಿದ. ಮಾರೆಕ್ ಆಡಿದ ಮಾತನ್ನು ಪ್ರಕಾಶ ಮುಖ ಗಂಟಿಕ್ಕಿಕೊಂಡೇ ಕನ್ನಡ ಮಾಡಿದ: "ಇಷ್ಟು ವರ್ಷ ನಿಮ್ಮ ಕಲ್ಲು ಬಂದ್ರ ನಾವು ನೋಡ್ತಿದ್ದಿಲ್ಲ, ಸೀದಾ ಗರಗಸಕ್ಕ ಇಡ್ತಿದ್ವಿ ಅಂತಾನ. ಈ ಚಳಿಗಾಲದಾಗ ಅಲ್ಲಿ ಏನೋ ಆಗೇತಿ ಅಂತ ಅನಕೊಂಡಿದ್ನಂತ."

ಏಳು ಸಮುದ್ರದಾಚೆ, ಅಣ್ಣನ ಹೆಸರೂ ತಿಳಿಯದ ಒಬ್ಬ ಮನುಷ್ಯನಿಗೆ ಅವನು ಇಲ್ಲ ಎಂಬುದು ಕಲ್ಲು ಒಡೆದಾಗ ತಿಳಿದಿತ್ತು.

ಬೇಲಿ

ಪ್ರಕಾಶ ಸಿಟ್ಟಿನಿಂದ ಆಫೀಸಿಗೆ ಹೋಗಿ ಫೋನು ಹಿಡಿದ. ಮಾರೆಕ್ ನನ್ನ ತೋಳು ಹಿಡಿದು ಕಾರ್ಖಾನೆಯ ಹಿಂದಕ್ಕೆ ಕರೆದುಕೊಂಡು ಹೋದ. ನಮ್ಮ ನಡುವೆ ಒಂದು ಭಾಷೆಯೂ ಇರಲಿಲ್ಲ. ಕೈಸನ್ನೆಯಲ್ಲೇ ನಡೆಯಿತು.

ಬ್ಲಾಕನ್ನು ಹಲಗೆ ಹಲಗೆಯಾಗಿ ಸೀಳುವಾಗ ಮೊದಲು ಬರುವ ಹಲಗೆಯ ಒಂದು ಮೈ ಒರಟಾಗಿರುತ್ತದೆ. ಅದು ಮಾರಾಟಕ್ಕೆ ಬರುವುದಿಲ್ಲ. ಅವರು ಅಂಥವನ್ನು ಬಿಸಾಡದೆ, ಹಿಂದಿನ ಹೊಲದ ಗಡಿಯುದ್ದಕ್ಕೂ ನಿಲ್ಲಿಸಿ ಬೇಲಿ ಮಾಡಿದ್ದರು. ಒರಟು ಮೈ ಹೊರಗೆ. ಅದರ ಮೇಲೆ, ಬಣ್ಣ ಮಾಸಿದ್ದರೂ ಓದಲು ಬರುವಂತೆ, ೪೭. ಅದರ ಪಕ್ಕ ೧೨೯. ಮುಂದೆ ೬೩.

ಮೊದಲಿನ ವರ್ಷಗಳಲ್ಲಿ ನಾನು ಕನ್ನಡ ಅಂಕಿಯಲ್ಲೇ ಬರೆಯುತ್ತಿದ್ದೆ. ಆಮೇಲೆ ಆಫೀಸಿನವರು ಬೇಡ ಅಂದದ್ದಕ್ಕೆ ಬಿಟ್ಟೆ. ಎಲ್ಲಿ ಹೋಯಿತೆಂದು ಒಂದು ದಿನವೂ ನೆನೆಯದ ನನ್ನ ಬರಹ ಹಿಮದಲ್ಲಿ ಮೊಣಕಾಲವರೆಗೆ ಹೂತು ಸಾಲಾಗಿ ನಿಂತಿತ್ತು. ಮಾರೆಕ್ ೪೭ರ ಮೇಲೆ ಬೆರಳಿಟ್ಟು, ಆ ಬೆರಳನ್ನು ನನ್ನ ಎದೆಗೆ ತಂದು ಹುಬ್ಬು ಹಾರಿಸಿದ. ಹೌದು ಎಂದೆ. ಅವನು ಇಷ್ಟು ವರ್ಷ ಅದನ್ನು ಯಾರೋ ಒಬ್ಬನ ಹೆಸರು ಅಂದುಕೊಂಡಿದ್ದನೆಂದು ಅವನ ಸನ್ನೆಯಿಂದ ತಿಳಿಯಿತು. ನಾನು ಬೆರಳು ಎಣಿಸಿ ತೋರಿಸಿ ಹಿಮದಲ್ಲಿ ಒಂದರಿಂದ ಹತ್ತರವರೆಗೆ ಬರೆದೆ. ಅವನೂ ಬರೆದ. ಅವನ ೩ ಮತ್ತು ೬ ಶಾಲೆಯ ಹುಡುಗರು ಬರೆದ ಹಾಗೆ ಬೆನ್ನು ತಿರುಗಿಸಿಕೊಂಡಿದ್ದವು.

ಸಂತೋಷ ಆಗಬೇಕಿತ್ತು. ಆಗಲಿಲ್ಲ. ಬೇಲಿಯ ಆ ತುದಿಯಿಂದ ಈ ತುದಿಗೆ ಎರಡು ಸಲ ಓಡಾಡಿದೆ. ಹಲಗೆ ಹಲಗೆಯಲ್ಲೂ ಅಣ್ಣನ ಒಂದು ಗುರುತು ಹುಡುಕಿದೆ. ಎಲ್ಲಿಂದ ಬರಬೇಕು? ಒಳ್ಳೆಯ ಕಲ್ಲಿನ ಮೇಲೆ ಅವನು ಏನನ್ನೂ ಬರೆಯುತ್ತಿರಲಿಲ್ಲ, ನನಗೆ ಹೇಳುತ್ತಿದ್ದ ಅಷ್ಟೇ. ಅವನು ಗುರುತು ಮಾಡುತ್ತಿದ್ದದ್ದು ಒಡಕು ಕಲ್ಲಿಗೆ. ಅವು ಕುಷ್ಟಗಿ ಬಿಟ್ಟು ಕದಲಲೇ ಇಲ್ಲ. ಇದು ಇಪ್ಪತ್ತಾರು ವರ್ಷ ಕಣ್ಣೆದುರೇ ಇತ್ತು. ತಿಳಿಯಲು ನಾನು ಇಷ್ಟು ದೂರ ಬರಬೇಕಾಯಿತು.

ಸಮಾಧಿ

ಸಂಜೆ ಮಾರೆಕ್ ಮನೆಗೆ ಕರೆದ. ಬಾಗಿಲಲ್ಲಿ ನಮ್ಮ ಹಾಗೆಯೇ ಚಪ್ಪಲಿ ಬಿಡುತ್ತಾರೆ, ಆದರೆ ಒಳಗೆ ಹಾಕಿಕೊಳ್ಳಲು ಬೇರೆ ಕೊಡುತ್ತಾರೆ. ಒಬ್ಬನೇ ಇರುವ ಮನೆ. ಅವನಿಗೆ ನನ್ನ ಕಟಕ ರೊಟ್ಟಿ ಕೊಟ್ಟೆ. ಅದನ್ನೂ ಬೆರಳಿನಿಂದ ಬಡಿದು ಕಿವಿಗೆ ಹಿಡಿದ. ಆ ದೇಶದಲ್ಲಿ ನಾನು ನಕ್ಕದ್ದು ಆಗ ಮಾತ್ರ.

ಮನೆಯ ಹಿಂದೆಯೇ ಅವರ ಸ್ಮಶಾನ. ಬೆಳಕಿರುವಾಗಲೇ ಹೋದೆವು. ಗೋರಿಗಳ ಮೇಲೆ ಗಾಜಿನ ದೀಪ, ಪ್ರತಿ ಗೋರಿಯ ಎದುರು ಒಂದು ಸಣ್ಣ ಬೆಂಚು. ಅವನ ಹೆಂಡತಿಯ ಗೋರಿ ಗುಲಾಬಿ ಕಲ್ಲಿನದು. ಈ ಸಲ ನೀರು ಹೊಯ್ಯುವ ಅಗತ್ಯ ಇರಲಿಲ್ಲ, ನಮ್ಮ ಕಲ್ಲೇ ಎಂದು ನೋಡಿದ ಕೂಡಲೇ ತಿಳಿಯಿತು. ಕಲ್ಲಿನ ಮೇಲೆ ಎರಡು ಹೆಸರು. ಅವಳ ಹೆಸರಿನ ಕೆಳಗೆ ಹುಟ್ಟಿದ ವರ್ಷ, ಸತ್ತ ವರ್ಷ. ಇನ್ನೊಂದು ಮಾರೆಕ್‌ನದೇ. ಹುಟ್ಟಿದ ವರ್ಷ, ಒಂದು ಗೀಟು, ಮುಂದೆ ಖಾಲಿ. ಅವರಲ್ಲಿ ಇದು ರೂಢಿಯಂತೆ. ಅವನು ಕರವಸ್ತ್ರ ತೆಗೆದು ತನ್ನ ಹೆಸರಿನ ಮೇಲಿನ ಹಿಮವನ್ನು, ನಾವು ಗಾಡಿಯ ಸೀಟು ಒರೆಸುವಷ್ಟು ಸಹಜವಾಗಿ ಒರೆಸಿದ. ಆಮೇಲೆ ನನ್ನ ಕಡೆ ಕೈ ಮಾಡಿ, ನಿನ್ನದು ಎಲ್ಲಿ ಎಂದು ಕೇಳಿದ.

ನನ್ನ ಬಳಿ ತೋರಿಸಲು ಏನೂ ಇರಲಿಲ್ಲ. ಬೆಂಚಿನ ಮೇಲೆ ಕೂಡಲೂ ಆಗಲಿಲ್ಲ. ಸುತ್ತಿಗೆ ತೋರಿಸಿ, ಬಡಿಯಲೇ ಎಂದು ಸನ್ನೆ ಮಾಡಿದೆ. ಬಡಿ ಅಂದ. ಹೆಸರುಗಳಿಂದ ದೂರ, ಕಲ್ಲಿನ ಅಂಚಿಗೆ ಒಂದೇ ಒಂದು ಸಲ ಮೆಲ್ಲಗೆ ಬಡಿದೆ. ಖಣ್ ಅಂದಿತು. ಚಳಿಯಲ್ಲಿ ಎಲ್ಲ ಕಲ್ಲೂ ಹಾಗೇ ಅನ್ನುತ್ತವೆ ಎಂದು ಆ ದಿನವೇ ಕಲಿತಿದ್ದೆ. ಆದರೂ ವೈನಿಗೆ ಕೊಟ್ಟ ಮಾತಿನಂತೆ ಅಂಗೈ ಇಟ್ಟು, ಚಳಿಯ ಉರಿ ತಡೆಯಲಾಗದಷ್ಟಾಗುವವರೆಗೆ ತೆಗೆಯಲಿಲ್ಲ.

ಮತ್ತೆ ಕುಷ್ಟಗಿ

ಬಂದ ದಿನವೇ ಮೊಬೈಲಿನಲ್ಲಿದ್ದ ಬೇಲಿಯ ಫೋಟೊವನ್ನು ವೈನಿಗೆ ತೋರಿಸಿದೆ. ಅವಳು ಕಣ್ಣ ಹತ್ತಿರ ಹಿಡಿದು ನೋಡಿದಳು.

"ಇದು ನಿನ್ನ ಅಕ್ಷರ ಅಲ್ಲೇನು?"

"ಹೌದು ವೈನಿ."

"ಅವರದೇನೈತಿ ಇದರಾಗ?"

ದಾರಿಯುದ್ದಕ್ಕೂ ಇದಕ್ಕೊಂದು ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದೆ. "ಒಂದ್ರಾಗೂ ಒಡಕಿಲ್ಲ ನೋಡು" ಅಂದೆ.

"ಅದು ಕಾಣಂಗಿಲ್ಲಲ್ಲೋ ಬಸಣ್ಣಾ" ಅಂದಳು. ಫೋನು ವಾಪಸು ಕೊಟ್ಟು ಒಲೆಯ ಕಡೆ ತಿರುಗಿದಳು.

ಮರುದಿನ ಕ್ವಾರಿಯ ರಾಶಿಯ ಕಡೆ ಹೋದೆ. ಅವನ ಚಾಕ್‌ಪೀಸಿನ ಸುತ್ತುಗಳಲ್ಲಿ ಒಂದಾದರೂ ಇದ್ದರೆ ವೈನಿಯನ್ನು ಕರೆತಂದು ತೋರಿಸಬೇಕೆಂದಿತ್ತು. ಗಾಳಿ, ಇಬ್ಬನಿ, ಮೇಕೆಗಳ ಮೈ ತಿಕ್ಕಾಟ. ಒಂದೂ ಉಳಿದಿರಲಿಲ್ಲ.

ಸಾವ್ಕಾರರು ನನ್ನನ್ನು ಕೆಲಸದಿಂದ ಬಿಡಿಸಲಿಲ್ಲ. ಅನುಮಾನ ಬಂದ ಕಲ್ಲನ್ನು ಕಳಿಸಬೇಡ ಅಂದರು, ಅಷ್ಟೇ. ಹಾಗಾಗಿ ಈಗ ರಾಶಿ ಬೇಗ ಬೇಗ ಬೆಳೆಯುತ್ತಿದೆ. ಅದರಲ್ಲಿ ಒಳ್ಳೆಯ ಕಲ್ಲೂ ಇರಬಹುದು. ನಾನು ಬಡಿಯುತ್ತೇನೆ, ನೀರು ಹೊಯ್ಯುತ್ತೇನೆ, ಆರುವವರೆಗೆ ಕಾಯುತ್ತೇನೆ. ಬಣ್ಣದ ಡಬ್ಬಿ ತೆರೆದು ಬ್ರಷ್ಷು ಅದ್ದಿ, ಬ್ಲಾಕಿನ ಮುಂದೆ ನಿಲ್ಲುತ್ತೇನೆ. ಬರಕೋ ತಮ್ಮಾ ಅನ್ನುವವನು ಇಲ್ಲ.